ಸಿಂಹಾಸನದೊಳಗೆ ಸಿಕ್ಕಿಕೊಂಡ ಹಾಸನ

ಜನ ಕನ್ನಡದಲ್ಲಿ ಬರೆದು ಕಳಿಸುವ ಅರ್ಜಿಯಲ್ಲಿ ಯಾವ ಜಿಲ್ಲೆಯ ಹೆಸರಿದೆ ಎಂದು ಕಂಪ್ಯೂಟರ್ ತಾನೇ ಗುರುತಿಸಬೇಕು ಎಂದುಕೊಳ್ಳಿ. ಜಾವಾಸ್ಕ್ರಿಪ್ಟ್ ಬಲ್ಲವರು ಇದಕ್ಕೆ ಮೊದಲು ಹಿಡಿಯುವ ದಾರಿ ಆಬ್ಜೆಕ್ಟ್. ಜಿಲ್ಲೆಯ ಹೆಸರೇ ಕೀ, ಕಚೇರಿಯ ವಿಳಾಸ ಅದರ ವ್ಯಾಲ್ಯೂ. ಕರ್ನಾಟಕದ 31 ಜಿಲ್ಲೆಗಳಿಗೆ 31 ಕೀ. ಅವನ್ನು ‘ಆಬ್ಜೆಕ್ಟ್ ಕೀಸ್’ ಮೂಲಕ ಸಾಲಾಗಿ ತೆಗೆದು, ಒಂದೊಂದೂ ಅರ್ಜಿಯಲ್ಲಿದೆಯೇ ಎಂದು ‘ಇನ್‌ಕ್ಲೂಡ್ಸ್’ನಿಂದ ನೋಡಿದರಾಯಿತು. ನಾಲ್ಕೈದು ಸಾಲಿನ ಕೋಡ್. ಇಂಗ್ಲಿಷ್ ಹೆಸರು ಹಾಕಿ ನೋಡಿದಾಗ ಕೆಲಸ ಸಲೀಸು. ಹುಳುಕು ಹೊರಬೀಳುವುದು ಕನ್ನಡ ಬಂದಾಗ.

ಕೋಲಾರವನ್ನೇ ನೋಡಿ. ಯೂನಿಕೋಡ್‌ನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಕೋಲಾರ. ಆದರೆ ‘ಲೆಂತ್’ ಕೇಳಿದರೆ ಒಂದು 5 ಎನ್ನುತ್ತದೆ, ಇನ್ನೊಂದು 7. ಜಾವಾಸ್ಕ್ರಿಪ್ಟ್ ಹೋಲಿಸುವುದು ಸಂಕೇತಗಳನ್ನು, ಕಣ್ಣಿಗೆ ಕಾಣುವ ರೂಪವನ್ನಲ್ಲ. ಹಾಗಾಗಿ ಕೀ ಒಂದು ಬಗೆಯಲ್ಲಿ, ಅರ್ಜಿ ಇನ್ನೊಂದು ಬಗೆಯಲ್ಲಿ ಇದ್ದರೆ ಕೋಲಾರದವರ ಅರ್ಜಿ ಎಲ್ಲಿಗೂ ಹೋಗುವುದಿಲ್ಲ. ಪರಿಹಾರವೇನೋ ಸುಲಭ: ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ, ಎರಡೂ ಬಗೆಗಳನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’. ಅದನ್ನು ಕೀಗೂ ಅರ್ಜಿಗೂ ಎರಡಕ್ಕೂ ಅನ್ವಯಿಸಬೇಕು. ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ವಿಭಕ್ತಿಯದು. ‘ಕೋಲಾರದಲ್ಲಿ’ ಎಂದರೆ ಅದರೊಳಗೆ ಕೋಲಾರ ಹಾಗೆಯೇ ಉಳಿದಿರುತ್ತದೆ. ‘ಕೊಡಗಿನಲ್ಲಿ’ ಎಂದರೆ ಕೊಡಗು ಉಳಿಯುವುದಿಲ್ಲ, ಕೊನೆಯ ಉಕಾರ ಲೋಪವಾಗಿರುತ್ತದೆ. ಮೈಸೂರು, ತುಮಕೂರು, ರಾಯಚೂರುಗಳದೂ ಇದೇ ಪಾಡು. ‘ಬೀದರಿನಲ್ಲಿ’ ಎಂದಾಗ ‘ಬೀದರ್’ ಸಿಗುವುದಿಲ್ಲ. ಸಂಧಿ, ಲೋಪಗಳ ಪಾಠ ಇಲ್ಲಿ ನೇರವಾಗಿ ಕೋಡಿಗೆ ಬೇಕಾಗುತ್ತದೆ. ಕೀಯ ಕೊನೆಯ ಉಕಾರವನ್ನೋ ಅರ್ಧಾಕ್ಷರದ ಚಿಹ್ನೆಯನ್ನೋ ತೆಗೆದು ‘ಕೊಡಗ’, ‘ಮೈಸೂರ’, ‘ಬೀದರ’ ಎಂದು ಹುಡುಕಿದರೆ ಬಹುಪಾಲು ರೂಪಗಳು ಸಿಗುತ್ತವೆ.

ಸಿಗಬಾರದ್ದೂ ಸಿಗುತ್ತದೆ. ‘ಸಿಂಹಾಸನ’ ಎಂಬ ಪದದೊಳಗೆ ‘ಹಾಸನ’ ಅಕ್ಷರಕ್ಕೆ ಅಕ್ಷರ ಕೂತಿದೆ. ಮೈಸೂರು ಅರಮನೆಯ ಸಿಂಹಾಸನದ ಬಗ್ಗೆ ಬರೆದ ಅರ್ಜಿ ಹಾಸನಕ್ಕೂ ಹೋಗುತ್ತದೆ! ಪದದ ಗಡಿ ಗುರುತಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿರುವ ‘ಬ್ಯಾಕ್‌ಸ್ಲ್ಯಾಷ್ ಬಿ’ಯನ್ನು ಇಲ್ಲಿ ನಂಬುವಂತಿಲ್ಲ. ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. 2018ರಲ್ಲಿ ಸೇರಿದ ‘ಲುಕ್‌ಬಿಹೈಂಡ್’ ಬಳಸಿ, ಹಿಂದೆ ಬೇರೆ ಅಕ್ಷರವಿದ್ದರೆ ಬಿಟ್ಟುಬಿಡು ಎಂದು ಹೇಳಬೇಕು. ಅಲ್ಲೂ ಒಂದು ಎಚ್ಚರ ಬೇಕು. ಸಿಂಹಾಸನದಲ್ಲಿ ‘ಹಾ’ಕ್ಕೆ ಮುಂಚೆ ಇರುವುದು ಅನುಸ್ವಾರ. ಯೂನಿಕೋಡ್ ಅದನ್ನು ಅಕ್ಷರದ ಗುಂಪಿಗಲ್ಲ, ಚಿಹ್ನೆಗಳ ಗುಂಪಿಗೆ ಸೇರಿಸಿದೆ. ಎರಡೂ ಗುಂಪುಗಳನ್ನು ಹೆಸರಿಸದಿದ್ದರೆ ಹಾಸನ ಮತ್ತೆ ಸಿಕ್ಕಿಕೊಳ್ಳುತ್ತದೆ.

ಇನ್ನು ಆಬ್ಜೆಕ್ಟ್ ಬಗ್ಗೆಯೇ ಒಂದು ಮಾತು. ಬಳಕೆದಾರರು ಟೈಪಿಸಿದ ಪದವನ್ನೇ ನೇರವಾಗಿ ಕೀಯಾಗಿಸುವುದಾದರೆ ಆಬ್ಜೆಕ್ಟ್ ಬೇಡ, ‘ಮ್ಯಾಪ್’ ಬಳಸಿ. ಖಾಲಿ ಆಬ್ಜೆಕ್ಟ್ ಕೂಡ ಇಂಗ್ಲಿಷಿನ ‘ಕನ್‌ಸ್ಟ್ರಕ್ಟರ್’ ಪದ ಕೊಟ್ಟರೆ ತನ್ನ ಪ್ರೊಟೊಟೈಪ್‌ನಿಂದ ಏನನ್ನೋ ತಂದುಕೊಡುತ್ತದೆ.

ಕನ್ನಡದ ಜಾಲತಾಣ ಕಟ್ಟುವ ಗೆಳೆಯರಲ್ಲಿ ಒಂದು ಕೋರಿಕೆ. ಹುಡುಕಾಟದ ಕೋಡನ್ನು ಜನರ ಕೈಗೆ ಕೊಡುವ ಮುನ್ನ, ಪರೀಕ್ಷೆಯ ಪದಗಳನ್ನು ಕನ್ನಡದಲ್ಲೇ ಆರಿಸಿಕೊಳ್ಳಿ. ಎರಡು ಬಗೆಯ ಕೋಲಾರ, ಕೊಡಗಿನಲ್ಲಿ, ಸಿಂಹಾಸನ ಆ ಪಟ್ಟಿಯಲ್ಲಿರಲಿ.