ಬಂದೂಕು ಹಿಡಿದ ಕೈಗೆ ಪುಸ್ತಕ

ಮಿಲಿಟ್ರಿಯಿಂದ ನಿವೃತ್ತರಾಗಿ ಊರಿಗೆ ಮರಳಿದವರಿಗೆ ನಾವು ಹೂಮಾಲೆ ಹಾಕುತ್ತೇವೆ. ಸ್ವಾತಂತ್ರ್ಯೋತ್ಸವಕ್ಕೆ ಶಾಲೆಗೆ ಕರೆದು ಧ್ವಜ ಏರಿಸಲು ಹೇಳುತ್ತೇವೆ. ಆದರೆ ಅದೇ ವ್ಯಕ್ತಿ, ‘ಕಾಲೇಜಿಗೆ ಸೇರಬೇಕೆಂದಿದ್ದೇನೆ’ ಎಂದರೆ ನಗುವವರೂ ನಾವೇ. ‘ಈ ಪ್ರಾಯದಲ್ಲಿ ಎಂಥ ಕಾಲೇಜು ಮಾರಾಯಾ? ಬ್ಯಾಂಕಿನ ಬಾಗಿಲಲ್ಲಿ ಕಾವಲಿನ ಕೆಲಸ ಸಿಗುತ್ತದಲ್ಲ!’

ಈ ಮಾತನ್ನು ನಾವು ಬಿಡಬೇಕು. ಹದಿನೆಂಟು, ಹತ್ತೊಂಬತ್ತರಲ್ಲಿ ಸಿಪಾಯಿಯಾಗಿ ಸೇರಿದವರು 15 ವರ್ಷ ಸೇವೆ ಮುಗಿಸಿದರೆ ಪಿಂಚಣಿಗೆ ಅರ್ಹರು. ನಲ್ವತ್ತರ ಒಳಗೇ ಮನೆ ಸೇರುವವರು ಬಹಳ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಂತೂ ಸೇವೆ ನಾಲ್ಕೇ ವರ್ಷ. ಖಾಯಂ ಆಗಿ ಉಳಿಸಿಕೊಳ್ಳುವುದು ಶೇ. 25ರ ತನಕ ಎಂದು ಆಗ ಗೊತ್ತುಪಡಿಸಲಾಯಿತು. ಹೊರಬರುವ ಯುವಕರ ಮುಂದೆ ಇಡೀ ಬಾಳೇ ಬಾಕಿ ಇರುತ್ತದೆ.

ಅಮೆರಿಕದವರು ಇದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ ಯೋಚಿಸಿದ್ದರು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ, ‘ಜಿ.ಐ. ಬಿಲ್’ ಎಂದು ಹೆಸರಾದ ಕಾಯಿದೆಯು ಸೈನಿಕರ ಕಾಲೇಜು ಶುಲ್ಕವನ್ನು ವರ್ಷಕ್ಕೆ 500 ಡಾಲರ್ ತನಕ ಭರಿಸಿತು. ಜೀವನಕ್ಕೆ ತಿಂಗಳ ಭತ್ತೆಯನ್ನೂ ಕೊಟ್ಟಿತು. ಇದರಿಂದ ವಿದ್ಯೆಯ ಮಟ್ಟ ಕುಸಿದೀತೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್‌ರಂಥವರೇ ಅಂಜಿದ್ದರು. ನಡೆದದ್ದೇ ಬೇರೆ. 1947ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಓದಿನಲ್ಲಿ ಅವರು ಹಿಂದೆ ಬೀಳಲಿಲ್ಲ. ಆ ಕಾಯಿದೆಯ ನೆರವಿನಿಂದ ಕಾಲೇಜು ಮೆಟ್ಟಿಲು ಹತ್ತಿದವರು ಸುಮಾರು 22 ಲಕ್ಷ.

ನಮ್ಮಲ್ಲಿ ಪ್ರಧಾನಮಂತ್ರಿಗಳ ಹೆಸರಿನ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೆ ಹಾಗೂ ವಿಧವೆಯರಿಗೆ ಮೀಸಲು. ಸ್ವತಃ ಓದಬಯಸುವವರಿಗೆ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ದಾರಿ ಉಂಟು, ಅಲ್ಲಿ ಬಿ.ಎ.ಗೆ ಗರಿಷ್ಠ ವಯೋಮಿತಿ ಇಲ್ಲ. ಅಗ್ನಿವೀರರಿಗಾಗಿ ಅದು ರೂಪಿಸಿದ ಮೂರು ವರ್ಷಗಳ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೈನ್ಯದ ತರಬೇತಿಯಿಂದಲೇ ದೊರೆಯುತ್ತದೆ.

ಒಂದು ಎಚ್ಚರಿಕೆಯ ಮಾತು. ಹತ್ತನೇ ತರಗತಿ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮಾನವೆಂದು ಪರಿಗಣಿಸುವ ನಿಯಮವಿದೆ. ಇದು ಉದ್ಯೋಗಕ್ಕೆ ಮಾತ್ರ. ಆ ಸರ್ಟಿಫಿಕೇಟನ್ನೇ ಪದವಿಯೆಂದು ನಂಬಿ ಎಂ.ಎ.ಗೋ ಬಿ.ಎಡ್.ಗೋ ಅರ್ಜಿ ಹಾಕಿದರೆ ನಿರಾಶೆಯೇ ಗತಿ.

ಇನ್ನು ನಮ್ಮ ಕನ್ನಡ ಕುಟುಂಬಗಳ ಸಂಗತಿ. ಕಾಸರಗೋಡಿನ ಹುಡುಗ ಕನ್ನಡ ಮಾಧ್ಯಮದಲ್ಲಿ ಕಲಿತು ಹೋದ. ಸೈನ್ಯದಲ್ಲಿ ಹಿಂದಿಯಲ್ಲೇ ದಿನ ಕಳೆದ. ಹಿಂದಿರುಗಿದಾಗ ಕಚೇರಿಯ ಕಾಗದ ಮಲಯಾಳದಲ್ಲಿ, ಪಠ್ಯಪುಸ್ತಕ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತವರು ಮಗನ ಪ್ರಾಯದವರು. ಗೊತ್ತಿಲ್ಲದ್ದನ್ನು ಅವರಲ್ಲಿ ಕೇಳಲು ನಾಚಿಕೆ. ಬೆಟ್ಟದ ಚಳಿಗೆ ಬೆದರದವರು ಇಂಥ ನಾಚಿಕೆಗೆ ಸೋತು ಅರ್ಧದಲ್ಲೇ ಬಿಟ್ಟುಬಿಡುವುದುಂಟು.

ಇಲ್ಲಿ ಸರಕಾರಕ್ಕಿಂತ ನಮ್ಮ ಕೆಲಸ ದೊಡ್ಡದು. ಮಲಯಾಳದ ಅರ್ಜಿಯನ್ನು ಓದಿ ತಿಳಿಸಿ ತುಂಬಿಸಿಕೊಡಲು ನಮ್ಮ ವಾಚನಾಲಯಗಳಲ್ಲಿ ಒಬ್ಬರು ಕುಳಿತರೆ ಸಾಕು. ನಿವೃತ್ತ ಅಧ್ಯಾಪಕರು ವಾರಕ್ಕೆರಡು ಸಂಜೆ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಕನ್ನಡವನ್ನೇ ಮುಖ್ಯವಾಗಿ ಓದಬಯಸುವವರಿಗೆ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ ಎಂಬುದನ್ನೂ ತಿಳಿಸಬೇಕು. ಮನೆಯವರ ಪಾಲೂ ಇದೆ. ಇಷ್ಟು ವರ್ಷ ಒಬ್ಬಳೇ ಸಂಸಾರ ನಡೆಸಿದ ಹೆಂಡತಿಯೊಡನೆ ಮೊದಲು ಕುಳಿತು ಮಾತಾಡಿ, ಖರ್ಚಿನ ಲೆಕ್ಕ ಹಾಕಿ, ಬಳಿಕ ಅರ್ಜಿ ಹಾಕುವುದು ಒಳ್ಳೆಯದು. ಓದುವ ಎರಡು ಗಂಟೆ ತೋಟದ ಕೆಲಸಕ್ಕೆ ಕರೆಯದಿರುವುದೂ ಒಂದು ಸಹಾಯವೇ.

ಅವರು ನಮ್ಮ ನಿದ್ದೆಗಾಗಿ ರಾತ್ರಿಯಿಡೀ ಎಚ್ಚರವಿದ್ದವರು. ಅವರ ಓದಿಗಾಗಿ ನಾವು ಒಂದೆರಡು ಸಂಜೆ ಎಚ್ಚರವಿರಲಾರೆವೇ?