‘ಯಾವ ಜನರೇಷನ್, ಸಾರ್?’

ಸೀರೆಗೆ ಚಿಕ್ಕಪೇಟೆ, ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ಕಾರಿನ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಕಂಪ್ಯೂಟರ್ ಕೆಟ್ಟರೆ ಎಸ್.ಪಿ. ರಸ್ತೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಈಗ ಫಲಕಗಳಲ್ಲಷ್ಟೇ ಉಳಿದಿದೆ. ಬೆಂಗಳೂರಿನ ಪುರಭವನದ ಹಿಂಬದಿಗೆ ಬಂದು ನಗರ್ತಪೇಟೆಯ ಕಡೆ ಹೊರಳಿದರೆ ಸಿಗುವ ಈ ಇಕ್ಕಟ್ಟಿನ ಬೀದಿಯಲ್ಲಿ ವೈರು, ಮೋಟಾರು, ಟ್ರಾನ್ಸಿಸ್ಟರ್ ಮಾರುತ್ತಿದ್ದ ಮಳಿಗೆಗಳ ನಡುವೆಯೇ ಕಂಪ್ಯೂಟರ್ ವ್ಯಾಪಾರ ಬೆಳೆಯಿತು. ಹೊಸ ಲ್ಯಾಪ್‌ಟಾಪು, ಗೇಮಿಂಗ್ ದೀಪಗಳ ಝಗಮಗ ಮುಂಭಾಗದಲ್ಲಿ. ನಾನು ಹೇಳಹೊರಟಿರುವುದು ಓಣಿಗಳ ಒಳಗೆ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಇನ್ನೊಂದು ಕಸುಬಿನ ಬಗ್ಗೆ: ಕೆಟ್ಟ ಡೆಸ್ಕ್‌ಟಾಪಿಗೆ ಕಡಿಮೆ ಖರ್ಚಿನಲ್ಲಿ ಬದಲಿ ಮದರ್‌ಬೋರ್ಡ್ ಹುಡುಕಿಕೊಡುವವರ ಕಸುಬು.

‘ಒಂದು ಬೋರ್ಡ್ ಬೇಕಿತ್ತು’ ಎಂದವರಿಗೆ ಅಲ್ಲಿ ಬೆಲೆ ಹೇಳುವುದಿಲ್ಲ. ‘ಯಾವ ಜನರೇಷನ್, ಸಾರ್?’ ಎಂದು ಕೇಳುತ್ತಾರೆ. ಗಿರಾಕಿ ಕಂಪನಿಯ ಹೆಸರು ಹೇಳುತ್ತಾನೆ, ಕೊಂಡ ವರ್ಷ ಹೇಳುತ್ತಾನೆ. ಅಂಗಡಿಯವನಿಗೆ ಬೇಕಾದದ್ದು ತಲೆಮಾರು ತಿಳಿಸುವ ಪ್ರೊಸೆಸರಿನ ನಂಬರು ಮಾತ್ರ. ಏಕೆಂದರೆ ಬದಲಿ ಬೋರ್ಡನ್ನು ನಾವು ಆರಿಸುವುದಿಲ್ಲ. ಮನೆಯಲ್ಲಿರುವ ಪ್ರೊಸೆಸರು ಮತ್ತು ರ್‍ಯಾಮ್ ಅದನ್ನು ಆಗಲೇ ಆರಿಸಿಬಿಟ್ಟಿರುತ್ತವೆ.

ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರುಗಳು ಕೂರುವುದು 1155 ಪಿನ್ನಿನ ಸಾಕೆಟ್‌ನಲ್ಲಿ. ನಾಲ್ಕನೆಯದಕ್ಕೆ 1150. ಆರರಿಂದ ಒಂಬತ್ತರವರೆಗೆ 1151, ಹತ್ತು-ಹನ್ನೊಂದಕ್ಕೆ 1200, ಹನ್ನೆರಡರಿಂದ ಹದಿನಾಲ್ಕಕ್ಕೆ 1700. ಇದರಲ್ಲಿ 1151ರದ್ದು ಬಲು ಮೋಸದ ಲೆಕ್ಕ. ಆರು-ಏಳನೆಯದಕ್ಕೂ ಎಂಟು-ಒಂಬತ್ತನೆಯದಕ್ಕೂ ಪಿನ್ನುಗಳ ಸಂಖ್ಯೆ ಒಂದೇ. ಪ್ರೊಸೆಸರ್ ಸರಾಗವಾಗಿ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ. ಎಂಟನೆಯದಕ್ಕೆ 300ರ ಸರಣಿಯ ಚಿಪ್‌ಸೆಟ್ಟೇ, ಅಂದರೆ ಎಚ್310, ಬಿ360ರಂಥದ್ದೇ ಬೇಕು. ಎಎಂಡಿಯವರ ಎಎಂ4 ಸಾಕೆಟ್ ಹೆಚ್ಚು ಉದಾರಿ, ಹಲವು ತಲೆಮಾರುಗಳನ್ನು ಸಾಕಿದೆ. ಆದರೂ ಹಳೆಯ ಎ320 ಅಥವಾ ಬಿ450 ಬೋರ್ಡಿನ ಮೇಲೆ ರೈಜನ್ 5000ರ ಪ್ರೊಸೆಸರ್ ಇಡಬೇಕಾದರೆ ಮೊದಲು ಬಯೋಸ್ ಅಪ್‌ಡೇಟ್ ಆಗಿರಬೇಕು. ಅದನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳುವುದು ಲೇಸು.

ರ್‍ಯಾಮ್ ವಿಷಯ ಇಷ್ಟು ಗೋಜಲಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಕಚ್ಚಿನ ಜಾಗವನ್ನೇ ಬದಲಿಸಿದ್ದಾರೆ. ಎಡವುವುದು ಹೊಸ ಬೋರ್ಡುಗಳಲ್ಲಿ: ಎಚ್610 ಎಂಬ ಒಂದೇ ಚಿಪ್‌ಸೆಟ್‌ನ ಬೋರ್ಡು ಡಿಡಿಆರ್4ಕ್ಕೂ ಬರುತ್ತದೆ, ಡಿಡಿಆರ್5ಕ್ಕೂ ಬರುತ್ತದೆ. ಡಬ್ಬದ ಮೇಲಿನ ಸಣ್ಣಕ್ಷರ ಓದದಿದ್ದರೆ ಇರುವ ರ್‍ಯಾಮ್ ದಂಡ.

ಇಷ್ಟಾದ ಮೇಲೂ ಒಳ್ಳೆಯ ಅಂಗಡಿಯವನು ಬೋರ್ಡು ಮಾರಲು ಅವಸರ ಮಾಡುವುದಿಲ್ಲ. ಬೋರ್ಡೇ ಹೋಗಿದೆ ಎಂದು ಹೇಳಿದವರು ಯಾರು? ಡಿಸ್‌ಪ್ಲೇ ಬರದಿದ್ದರೆ ಮೊದಲು ರ್‍ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಾರೆ. ಎಷ್ಟೋ ‘ಸತ್ತ’ ಬೋರ್ಡುಗಳು ಅಷ್ಟಕ್ಕೇ ಎದ್ದು ಕೂತಿವೆ. ಫ್ಯಾನೂ ತಿರುಗದಿದ್ದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೆ ಅನುಮಾನ: ಅದನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ತುಂಡು ವೈರು ಕೊಟ್ಟು ನೋಡುತ್ತಾರೆ. ಗಡಿಯಾರ ಪ್ರತಿಸಲ ಹಿಂದಕ್ಕೆ ಹೋಗಿ, ಎಫ್1 ಒತ್ತಿ ಎಂದು ಪರದೆ ಗೋಗರೆಯುತ್ತಿದ್ದರೆ ಅದು ಸಿಆರ್2032 ಎಂಬ ಬಿಲ್ಲೆ ಬ್ಯಾಟರಿಯ ದೂರು. ಇವೆಲ್ಲ ಮುಗಿದ ಮೇಲೆ ಬೋರ್ಡಿನ ಸರದಿ.

ಅಲ್ಲಿಂದ ಮುಂದಿನದು ಚಿಪ್ ಲೆವೆಲ್ ಸರ್ವೀಸಿನವರ ಪಾಲು. ಭೂತಗನ್ನಡಿ, ಮಲ್ಟಿಮೀಟರು, ಬಿಸಿಗಾಳಿ ಊದುವ ಗನ್ನು, ಬಯೋಸ್ ಚಿಪ್‌ಗೆ ಮತ್ತೆ ಪ್ರೋಗ್ರಾಮ್ ತುಂಬುವ ಪುಟ್ಟ ಸಾಧನ: ಇಷ್ಟೇ ಬಂಡವಾಳ, ಉಳಿದದ್ದು ಕೈಗುಣ. 2000ದ ದಶಕದಲ್ಲಿ ಜಗತ್ತಿನಾದ್ಯಂತ ಕಳಪೆ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ಸೋರಿ, ಲೆಕ್ಕವಿಲ್ಲದಷ್ಟು ಬೋರ್ಡು ಕೆಟ್ಟವು. ಘನ ಕೆಪಾಸಿಟರುಗಳು ಬಂದ ಮೇಲೆ ಆ ಕಾಟ ತಗ್ಗಿತು. ಈಗ ಬರುವವು ಶಾರ್ಟ್ ಆದ ಮಾಸ್‌ಫೆಟ್, ಕೆಟ್ಟ ಬಯೋಸ್, ಮಳೆಗಾಲದ ಸಿಡಿಲು ಕೇಬಲ್ ಹಿಡಿದು ಬಂದು ಸುಟ್ಟ ಲ್ಯಾನ್ ಪೋರ್ಟ್. ಇವಕ್ಕೆ ರಿಪೇರಿಯೇ ಅಗ್ಗ. ಚಿಪ್‌ಸೆಟ್ಟೇ ಹೋಗಿದ್ದರೆ ಮಾತ್ರ, ಯಾರು ಏನೇ ಭರವಸೆ ಕೊಟ್ಟರೂ, ಹಳೆಯ ಅಗ್ಗದ ಬೋರ್ಡಿಗೆ ಆ ಖರ್ಚು ತಕ್ಕದ್ದಲ್ಲ ಎಂಬುದು ನನ್ನ ಎಣಿಕೆ.

ಬದಲಿ ಬೋರ್ಡಿನಲ್ಲಿ ಎರಡು ಜಾತಿ. ಮೊದಲನೆಯದು ‘ಪುಲ್‌ಔಟ್’: ಕಚೇರಿಗಳು ಕೈಬಿಟ್ಟ ಯಂತ್ರಗಳಿಂದ ಕಿತ್ತದ್ದು. ಎರಡನೆಯದು ಹೊಚ್ಚಹೊಸ ಡಬ್ಬದಲ್ಲಿ ಬರುವ ಹಳೆಯ ಮಾದರಿ. ಎಚ್61 ಚಿಪ್‌ಸೆಟ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಇಂಟೆಲ್ ತನ್ನ ಹೆಸರಿನ ಡೆಸ್ಕ್‌ಟಾಪ್ ಬೋರ್ಡುಗಳಿಂದ ಹಿಂದೆ ಸರಿಯುವುದಾಗಿ 2013ರಲ್ಲೇ ಸಾರಿತು. ಆದರೂ ಎಚ್61ರ ಹೊಸ ಬೋರ್ಡುಗಳು ಬೇರೆ ಹೆಸರುಗಳಲ್ಲಿ ಇಂದಿಗೂ ಮಾರಾಟವಾಗುತ್ತಿವೆ. ಇಂಥ ಅಗ್ಗದ ಬೋರ್ಡುಗಳಲ್ಲಿ ಹಳೆಯ ಬೋರ್ಡಿನಿಂದ ಬಿಡಿಸಿದ ಚಿಪ್‌ಸೆಟ್ ಇರುವುದೂ ಉಂಟು. ಹಾಗೆಂದು ಮೂಗು ಮುರಿಯಬೇಕಿಲ್ಲ. ವಾರಂಟಿ ಸಿಗುತ್ತದೆ, ಜಿಎಸ್‌ಟಿ ಬಿಲ್ ಸಿಗುತ್ತದೆ. ಪುಲ್‌ಔಟ್‌ಗೆ ಸಿಗುವುದು ‘ಟೆಸ್ಟಿಂಗ್ ವಾರಂಟಿ’ ಮಾತ್ರ, ಅಂದರೆ ಕಣ್ಣೆದುರು ಓಡಿಸಿ ತೋರಿಸುವುದು, ಬಹಳವೆಂದರೆ ಇನ್ನು ಕೆಲವು ದಿನ. ಆದರೆ ಹೆಸರಾಂತ ಕಂಪನಿಯ ಪುಲ್‌ಔಟ್ ಚೆನ್ನಾಗಿದ್ದರೆ ನಾನು ಅದನ್ನೇ ಆರಿಸುವೆ. ಅದರ ಬಿಡಿಭಾಗಗಳ ಗುಣಮಟ್ಟ ಬೇರೆಯೇ.

ಪುಲ್‌ಔಟ್ ಕೊಳ್ಳುವಾಗ ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ನೋಡಬೇಕು. ಇಂಟೆಲ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲೇ. ಒಂದು ಬಾಗಿದ್ದರೂ ಸಾಲಿನಲ್ಲಿ ಬೇರೆಯಾಗಿ ಮಿನುಗುತ್ತದೆ. ಬಾಗಿದ ಪಿನ್ನಿಗೆ ಯಾರೂ ವಾರಂಟಿ ಕೊಡುವುದಿಲ್ಲ, ಆದ್ದರಿಂದ ಮಾರುವವನೂ ಕೊಡುವ ಮುನ್ನ ಫೋಟೊ ತೆಗೆದಿಟ್ಟುಕೊಳ್ಳುತ್ತಾನೆ. ನೀವೂ ತೆಗೆಯಿರಿ. ಹಿಂಬದಿಯ ತಗಡಿನ ಪ್ಲೇಟ್ ಕೇಳಿ ಪಡೆಯಿರಿ. ಆಮೇಲೆ ಅದೊಂದನ್ನೇ ಹುಡುಕುವುದು ಕಷ್ಟ.

ಅಸೆಂಬಲ್ ಮಾಡಿಸಿದ ಕ್ಯಾಬಿನೆಟ್ಟಾದರೆ ಮೈಕ್ರೊ-ಎಟಿಎಕ್ಸ್ ಬೋರ್ಡು ಸಾಮಾನ್ಯವಾಗಿ ಹಿಡಿಸುತ್ತದೆ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಕಚೇರಿ ಮಾದರಿಗಳ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಎಸ್‌ಎಂಪಿಎಸ್‌ನ ಕನೆಕ್ಟರೇ ಬೇರೆ, ಪವರ್ ಬಟನ್ನಿನ ತಂತಿಯೂ ಬೇರೆ. ಅದೇ ಮಾದರಿಯ ಬೋರ್ಡೇ ಆಗಬೇಕು. ಕಂಪನಿ ಕೊಟ್ಟ ವಿಂಡೋಸ್ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಬೋರ್ಡು ಬದಲಾದರೆ ಅದೂ ಹೋಗುತ್ತದೆ. ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಹಾಗಾದರೆ ಹಳೆಯ ಯಂತ್ರಕ್ಕೆ ದುಡ್ಡು ಹಾಕಬೇಕೆ? ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಅದರ ಈಚಿನದನ್ನು. ನಿಮ್ಮದು ನಾಲ್ಕನೆಯದಾಗಿದ್ದು, ಬ್ಯಾಂಕು, ಇಮೇಲ್, ಮಕ್ಕಳ ಓದು ಎಲ್ಲಕ್ಕೂ ಅದೇ ಆಗಬೇಕಿದ್ದರೆ ಬೋರ್ಡಿಗೆ ದುಡ್ಡು ಹಾಕದೆ, ಎಂಟನೆಯದರ ರಿಫರ್ಬಿಶ್ಡ್ ಡೆಸ್ಕ್‌ಟಾಪನ್ನೇ ವಿಚಾರಿಸಿ. ಲಿನಕ್ಸ್ ಒಗ್ಗುವವರಿಗೆ ಈ ಕಟ್ಟಿಲ್ಲ. ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯವರಿಗೂ ಇಲ್ಲ: ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರ ಇಟ್ಟು ಲಗ್ನಪತ್ರಿಕೆ ಮಾಡುವ ಯಂತ್ರಕ್ಕೆ ಇಂಟರ್‌ನೆಟ್ಟೇ ಬೇಕಿಲ್ಲ, ಹಳೆಯ ಬೋರ್ಡು ಸಿಕ್ಕಿದರೆ ಅವರ ಪಾಲಿಗೆ ಹಬ್ಬ. ಬದಲಿ ಬೋರ್ಡಿನ ಬೆಲೆ ಇಡೀ ರಿಫರ್ಬಿಶ್ಡ್ ಯಂತ್ರದ ಬೆಲೆಯ ಅರ್ಧ ದಾಟಿದರೆ ಚೌಕಾಸಿ ನಿಲ್ಲಿಸಿ ಎದ್ದು ಬನ್ನಿ. ಎಸ್.ಪಿ. ರಸ್ತೆಯಲ್ಲಿ ಎದ್ದು ಹೊರಟವರನ್ನು ಮತ್ತೆ ಕರೆಯುವ ಪದ್ಧತಿಯೂ ಇದೆ ಅನ್ನಿ.

ಹೋಗುವಾಗ ಪ್ರೊಸೆಸರಿನ ನಂಬರು ಬರೆದುಕೊಂಡು, ಹಳೆಯ ಬೋರ್ಡನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಸತ್ತ ಬೋರ್ಡಿಗೂ ಎಕ್ಸ್‌ಚೇಂಜಿನಲ್ಲಿ ಒಂದಿಷ್ಟು ಕಳೆಯುವವರಿದ್ದಾರೆ. ಭಾನುವಾರ ಮಾತ್ರ ಹೊರಡಬೇಡಿ: ಅಂದು ಅಲ್ಲಿನ ಬಹುಪಾಲು ಅಂಗಡಿಗಳಿಗೆ ರಜೆ.