ನಾಣ್ಯದ ಮೇಲಿನ ಬೆಳಕು

ನಾಣ್ಯವೆಂದರೆ ಕೊಡುಕೊಳ್ಳುವ ವ್ಯವಹಾರದ ಸಾಧನವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಚಲಾವಣೆಯಲ್ಲಿರುವ ತನಕ ಈ ಮಾತು ನಿಜ. ಚಲಾವಣೆಯಿಂದ ಹೊರಬಿದ್ದ ಮೇಲೆ ಅದೇ ನಾಣ್ಯ ಇತಿಹಾಸದ ಸಾಕ್ಷಿಯಾಗುತ್ತದೆ. ಅರಸನ ಹೆಸರು, ಅವನ ಬಿರುದು, ಅವನು ನಂಬಿದ ದೈವ, ಅವನ ಲಾಂಛನ, ಆ ಕಾಲದ ಲಿಪಿ, ಲೋಹವನ್ನು ಕರಗಿಸಿ ಅಚ್ಚೊತ್ತಿದ ಕುಶಲಿಯ ಕೈಚಳಕ, ಇವೆಲ್ಲವೂ ಬೆರಳ ತುದಿಯಲ್ಲಿ ನಿಲ್ಲುವ ಒಂದು ಬಿಲ್ಲೆಯಲ್ಲಿ ಅಡಗಿರುತ್ತವೆ. ಶಾಸನವನ್ನು ಓದಲು ನಾವು ಕಲ್ಲಿನ ಬಳಿಗೆ ಹೋಗಬೇಕು; ನಾಣ್ಯವಾದರೋ ಊರಿಂದೂರಿಗೆ ಸಂಚರಿಸಿ ನಮ್ಮ ಬಳಿಗೇ ಬಂದಿರುತ್ತದೆ.

ನಮ್ಮ ಮಲೆನಾಡಿಗೂ ನಾಣ್ಯಗಳ ಇತಿಹಾಸಕ್ಕೂ ಹತ್ತಿರದ ನಂಟುಂಟು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮವೇ ಪ್ರಾಚೀನ ಸೊಸೆವೂರು. ಹೊಯ್ಸಳ ವಂಶದ ಮೂಲಸ್ಥಾನವೆಂದು ಪ್ರಸಿದ್ಧವಾದ ಊರು. ಇಂದು ಕಾಫಿಯ ತೋಟಗಳ ನಡುವೆ ಮೌನವಾಗಿರುವ ಆ ನೆಲದಿಂದ ಹೊರಟ ಮನೆತನ ಮುಂದೆ ಬೇಲೂರು, ದೋರಸಮುದ್ರಗಳಿಂದ ನಾಡನ್ನಾಳಿತು. ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವರ್ಧನನು ಹೊರಡಿಸಿದ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಸಿಂಹದ ಆಕೃತಿಯಿದೆ. ಇನ್ನೊಂದು ಮುಖದಲ್ಲಿ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರಹಗಳಿವೆ. ‘ಮಲಪರೊಳ್ಗಂಡ’ ಎಂಬ ಬಿರುದೂ ಹೊಯ್ಸಳರ ನಾಣ್ಯಗಳಲ್ಲಿ ಕಾಣಬರುತ್ತದೆ. ಮಲೆಯ ನಾಯಕರಲ್ಲಿ ವೀರನೆಂಬುದು ಅದರ ಭಾವ. ಬೆಟ್ಟದ ನಾಡಿನಿಂದ ಬಂದವರೆಂಬ ನೆನಪನ್ನು ಆ ಅರಸರು ಚಿನ್ನದ ಮೇಲೆಯೇ ಬರೆಯಿಸಿದರು. ಘಟ್ಟದ ಕೆಳಗಿನ ಅಳುಪರು ತಮ್ಮ ನಾಣ್ಯಗಳ ಮೇಲೆ ಜೋಡಿ ಮೀನುಗಳನ್ನು ಮೂಡಿಸಿದರು. ಕಳಸ-ಕಾರ್ಕಳವನ್ನು ಆಳಿದ ಭೈರರಸರ ಕಾಲದಲ್ಲಿ ಘಟ್ಟದ ಮೆಣಸು ಕರಾವಳಿಗೆ ಇಳಿಯುತ್ತಿತ್ತು. ಸರಕು ಇಳಿದ ದಾರಿಯಲ್ಲಿಯೇ ಹಣವೂ ಮೇಲೇರಬೇಕಷ್ಟೆ.

ಇಂಥ ಅಪೂರ್ವ ನಾಣ್ಯಗಳು ವಸ್ತುಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ಆದರೆ ಮಲೆನಾಡಿನ ಅನೇಕ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಒಂದು ಪುಟ್ಟ ಸಂಗ್ರಹವಿರುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದ ತಾಮ್ರದ ನಾಣ್ಯ, ವಿಕ್ಟೋರಿಯಾ ರಾಣಿಯ ಮುಖವುಳ್ಳ ಬೆಳ್ಳಿಯ ರೂಪಾಯಿ, 1943ರಿಂದ 1947ರವರೆಗೆ ಅಚ್ಚಾದ ತೂತಿನ ಕಾಸು, 1957ರಲ್ಲಿ ದಶಮಾಂಶ ಪದ್ಧತಿ ಬಂದಾಗ ಹೊರಟ ನಯೇ ಪೈಸೆ, ಹಗುರವಾದ ಅಲ್ಯೂಮಿನಿಯಮ್ಮಿನ ಎರಡು ಪೈಸೆ, ಇವು ಒಂದರೊಡನೊಂದು ಬೆರೆತು ಕುಳಿತಿರುತ್ತವೆ. ಇವುಗಳ ಲೆಕ್ಕವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಕೆಲವು ಸವೆಯುತ್ತವೆ, ಕೆಲವು ಕಿಲುಬು ಹಿಡಿಯುತ್ತವೆ, ಬೆಳ್ಳಿಯವು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿ ಹೋಗುತ್ತವೆ. ಕರಗಿದ ಬೆಳ್ಳಿಗೆ ಬೆಲೆ ಸಿಗಬಹುದು, ಆದರೆ ಅದರ ಮೇಲಿದ್ದ ಬರಹ ಮತ್ತೆ ಸಿಗಲಾರದು. ಅಂಥ ಬರಹವನ್ನು ಉಳಿಸುವ ಸುಲಭವಾದ ಉಪಾಯವೇ ಛಾಯಾಚಿತ್ರ.

ಹಿಂದಿನ ವಿದ್ವಾಂಸರಿಗೆ ಈ ಕೆಲಸ ಸುಲಭವಾಗಿರಲಿಲ್ಲ. ಬಿ. ಎಲ್. ರೈಸರು 1901ರಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಶಾಸನಗಳನ್ನು ಹೀಗೆ ಸಂಗ್ರಹಿಸುವವರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ, ಬಡಿದು, ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಾರೆ. ನಾಣ್ಯಗಳ ವಿಷಯದಲ್ಲಿಯೂ ಹೀಗೆಯೇ ಅಚ್ಚು ತೆಗೆಯುವುದು, ಇಲ್ಲವೇ ಕೈಯಿಂದ ರೇಖಾಚಿತ್ರ ಬರೆಯುವುದು ರೂಢಿಯಲ್ಲಿತ್ತು. ವಾಲ್ಟರ್ ಎಲಿಯಟ್ಟರು ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತು 1886ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಕೈಯಿಂದ ಬರೆದ ಚಿತ್ರದಲ್ಲಿ ಬರೆದವನ ಊಹೆಯೂ ಸೇರಿಕೊಳ್ಳುವ ಸಂಭವವುಂಟು. ನಾಣ್ಯದ ಮೇಲೆ ಕಾಗದವಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ನೋಡಿದ ಮಕ್ಕಳೆಲ್ಲರಿಗೂ ಅಚ್ಚಿನ ಮಿತಿ ಗೊತ್ತು: ಎದ್ದು ಕಾಣುವ ಗೆರೆ ಮೂಡುತ್ತದೆ, ಸೂಕ್ಷ್ಮವಾದುದು ಜಾರಿ ಹೋಗುತ್ತದೆ. ಇಂದು ಮನೆಮನೆಯಲ್ಲಿರುವ ಸ್ಮಾರ್ಟ್‌ಫೋನು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಬಲ್ಲುದು. ಅದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಬೆಳಕಿನ ಸ್ವಭಾವದ ತಿಳಿವಳಿಕೆ.

ನಾಣ್ಯದ ಚಿತ್ರ ತೆಗೆಯುವುದು ಏಕೆ ಕಷ್ಟ? ಮೊದಲನೆಯದಾಗಿ ಅದು ಚಿಕ್ಕದು. ವಿಜಯನಗರದ ವರಾಹ ಕಿರುಬೆರಳಿನ ಉಗುರಿನಷ್ಟಿದ್ದರೆ, ಹಣವೆಂಬ ನಾಣ್ಯ ಅದಕ್ಕಿಂತಲೂ ಕಿರಿದು. ಎರಡನೆಯದಾಗಿ ಅದು ಹೊಳೆಯುತ್ತದೆ. ಮೂರನೆಯದಾಗಿ, ಅದರ ಮೇಲಿನ ಅಕ್ಷರಕ್ಕೆ ಬೇರೆ ಬಣ್ಣವಿಲ್ಲ. ಪುಸ್ತಕದಲ್ಲಿ ಬಿಳಿಯ ಕಾಗದದ ಮೇಲೆ ಕರಿಯ ಅಕ್ಷರವಿರುತ್ತದೆ; ನಾಣ್ಯದಲ್ಲಿ ಅಕ್ಷರವೂ ಅದೇ ಲೋಹ, ಹಿನ್ನೆಲೆಯೂ ಅದೇ ಲೋಹ. ಉಬ್ಬಿದ ಭಾಗದ ಒಂದು ಪಕ್ಕ ಬೆಳಗಿ, ಇನ್ನೊಂದು ಪಕ್ಕ ನೆರಳಾದಾಗ ಮಾತ್ರ ಅಕ್ಷರ ನಮ್ಮ ಕಣ್ಣಿಗೆ ಬೀಳುತ್ತದೆ. ಆದುದರಿಂದ ನಾಣ್ಯದ ಚಿತ್ರಕಾರನು ಬೆಳಕಿನಷ್ಟೇ ಎಚ್ಚರಿಕೆಯಿಂದ ನೆರಳನ್ನೂ ರೂಪಿಸಬೇಕು.

ಈ ತತ್ತ್ವವನ್ನು ನಮ್ಮ ಬೆಟ್ಟಗಳೇ ಕಲಿಸುತ್ತವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನೂ ಅದರ ಸುತ್ತಲ ಗಿರಿಶ್ರೇಣಿಯನ್ನೂ ನಡುಹಗಲಿನಲ್ಲಿ ನೋಡಿರಿ. ಸೂರ್ಯ ನೆತ್ತಿಯ ಮೇಲಿರುವಾಗ ಇಳಿಜಾರುಗಳೆಲ್ಲ ಒಂದೇ ಹಸುರು ಹಾಸಿನಂತೆ ಚಪ್ಪಟೆಯಾಗಿ ತೋರುತ್ತವೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿಯೊಂದು ಏಣೂ ಕಣಿವೆಯೂ ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ. ನಾಣ್ಯವೂ ಒಂದು ಪುಟ್ಟ ಬೆಟ್ಟದ ಸೀಮೆ. ಫೋನಿನ ಸ್ವಂತ ದೀಪವನ್ನು ನೇರವಾಗಿ ಅದರ ಮೇಲೆ ಹಾಯಿಸುವುದು ನಡುಹಗಲಿನ ಬಿಸಿಲಿನಂತೆ. ಅದು ಲೋಹದ ಒಂದೆಡೆ ಕಣ್ಣು ಕೋರೈಸುವ ಚುಕ್ಕೆಯನ್ನು ಮೂಡಿಸಿ ಉಳಿದುದನ್ನು ಮರೆಮಾಡುತ್ತದೆ. ಆದುದರಿಂದ ಆ ದೀಪವನ್ನು ಆರಿಸುವುದೇ ಈ ವಿದ್ಯೆಯ ಮೊದಲ ಪಾಠ.

ಇದಕ್ಕೆ ಬೇಕಾದ ಸಲಕರಣೆಗಳು ಸರಳವಾದವು. ಕುತ್ತಿಗೆ ಬಾಗುವ ಒಂದು ಅಥವಾ ಎರಡು ಮೇಜಿನ ದೀಪಗಳು, ಚಿತ್ರ ನಕಲು ಮಾಡುವ ಅರೆಪಾರದರ್ಶಕ ಕಾಗದ, ಬಿಳಿಯ ರಟ್ಟಿನ ತುಂಡು, ಬೂದು ಬಣ್ಣದ ಬಟ್ಟೆ, ಮಿಲಿಮೀಟರಿನ ಗುರುತುಗಳಿರುವ ಅಳತೆಪಟ್ಟಿ, ಫೋನನ್ನು ಅಲುಗದಂತೆ ನಿಲ್ಲಿಸಲು ಸಮನಾದ ಎರಡು ಪುಸ್ತಕದ ಗುಡ್ಡೆಗಳು, ಇಷ್ಟಿದ್ದರೆ ಸಾಕು. ಗುಡ್ಡೆಗಳ ನಡುವೆ ನಾಣ್ಯವನ್ನಿಟ್ಟು, ಮೇಲೆ ಅಡ್ಡಲಾಗಿ ಫೋನನ್ನು ಮಲಗಿಸಬೇಕು. ಮಸೂರವು ನಾಣ್ಯಕ್ಕೆ ನೇರ ಮೇಲಿರಬೇಕು. ಓರೆಯಾದರೆ ವೃತ್ತವು ಅಂಡಾಕಾರವಾಗಿ ತೋರುತ್ತದೆ. ಫೋನನ್ನು ತೀರ ಸಮೀಪಕ್ಕೆ ತಂದರೆ ಚಿತ್ರ ಮಸುಕಾಗುವುದಲ್ಲದೆ, ಫೋನಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಹದಿನೈದು ಇಪ್ಪತ್ತು ಸೆಂಟಿಮೀಟರು ಎತ್ತರದಲ್ಲಿಟ್ಟು, ಎರಡರಷ್ಟು ಹಿಗ್ಗಿಸಿ ತೆಗೆದು, ಸುತ್ತಲಿನ ಅನವಶ್ಯಕ ಭಾಗವನ್ನು ಅನಂತರ ಕತ್ತರಿಸುವುದು ಲೇಸು. ಪರದೆಯ ಮೇಲೆ ನಾಣ್ಯದ ಚಿತ್ರವಿರುವೆಡೆ ಬೆರಳನ್ನು ಒತ್ತಿ ಹಿಡಿದರೆ ಅನೇಕ ಫೋನುಗಳು ಅದರ ಮೇಲೆ ದೃಷ್ಟಿಯನ್ನು ಸ್ಥಿರಗೊಳಿಸುತ್ತವೆ. ಗುಂಡಿಯನ್ನು ಒತ್ತುವಾಗ ಕೈಯ ಅಲುಗಾಟ ತಗಲದಂತೆ ಎರಡು ಮೂರು ಕ್ಷಣಗಳ ತರುವಾಯ ಚಿತ್ರ ತೆಗೆಯುವ ಏರ್ಪಾಡನ್ನು ಬಳಸಬೇಕು.

ಇನ್ನು ಬೆಳಕಿನ ವಿಚಾರ. ದೀಪಕ್ಕೂ ನಾಣ್ಯಕ್ಕೂ ನಡುವೆ ಅರೆಪಾರದರ್ಶಕ ಕಾಗದವನ್ನು ಹಿಡಿದರೆ ಬೆಳಕು ಚದುರಿ ಮೃದುವಾಗುತ್ತದೆ. ಕಾಗದ ದೀಪಕ್ಕೆ ತಗಲದಂತಿರಬೇಕು. ಬಿಸಿಯಾಗುವ ದೀಪವಾದರೆ ಬೆಂಕಿಯ ಭಯವುಂಟು. ದೀಪವನ್ನು ನಾಣ್ಯದ ಮೇಲಂಚಿನ ಎಡಬದಿಗೆ, ಗಡಿಯಾರದ ಹತ್ತು ಗಂಟೆಯ ಸ್ಥಾನದಲ್ಲಿ ನಿಲ್ಲಿಸಿ, ಎದುರು ಬದಿಯಲ್ಲಿ ಬಿಳಿಯ ರಟ್ಟನ್ನಿಟ್ಟರೆ ಅದು ಬೆಳಕನ್ನು ಹಿಂದಿರುಗಿಸಿ ನೆರಳಿನ ಕಪ್ಪನ್ನು ತಗ್ಗಿಸುತ್ತದೆ. ಬೆಳಕು ಮೇಲಿನಿಂದಲೇ ಬರಬೇಕೆಂಬುದಕ್ಕೆ ಕಾರಣವುಂಟು. ಆಕಾಶದಿಂದ ಬೀಳುವ ಬೆಳಕಿಗೆ ಒಗ್ಗಿದ ನಮ್ಮ ಕಣ್ಣು, ಚಿತ್ರದಲ್ಲಿಯೂ ಬೆಳಕು ಮೇಲಿನಿಂದ ಬಂದಿದೆಯೆಂದೇ ಎಣಿಸುತ್ತದೆ. ಬೆಳಕನ್ನು ಕೆಳಗಿನಿಂದ ಹಾಯಿಸಿದರೆ ಉಬ್ಬಿದ ಸಿಂಹವೇ ಗುಳಿಬಿದ್ದಂತೆ ಭಾಸವಾಗುತ್ತದೆ!

ಎಲ್ಲ ನಾಣ್ಯಗಳಿಗೂ ಒಂದೇ ಬೆಳಕು ಹೊಂದುವುದಿಲ್ಲ. ಸವೆದ ತಾಮ್ರದ ಕಾಸಿಗೆ ದೀಪವನ್ನು ಬಹಳ ತಗ್ಗಿಸಿ, ನಾಣ್ಯದ ಮೈಯನ್ನು ಸವರಿಕೊಂಡು ಹೋಗುವಂತೆ ಬೆಳಕು ಹಾಯಿಸಬೇಕು. ಕೈಬೆರಳಿಗೂ ತಿಳಿಯದ ಅಕ್ಷರದ ಅವಶೇಷ ಆಗ ತಲೆಯೆತ್ತುತ್ತದೆ. ಒಂದೇ ದಿಕ್ಕಿನ ಬೆಳಕಿನಲ್ಲಿ ಕಾಣದ ಗೆರೆ ಇನ್ನೊಂದು ದಿಕ್ಕಿನಿಂದ ಕಾಣಬಹುದಾದುದರಿಂದ, ನಾಣ್ಯವನ್ನೂ ಫೋನನ್ನೂ ಕದಲಿಸದೆ ದೀಪವನ್ನು ಮಾತ್ರ ನಾಲ್ಕು ಕಡೆಗೆ ಸರಿಸಿ ನಾಲ್ಕು ಚಿತ್ರಗಳನ್ನು ತೆಗೆದು ಹೋಲಿಸಬೇಕು. ಕನ್ನಡಿಯಂತೆ ಹೊಳೆಯುವ ಹೊಸ ನಾಣ್ಯಕ್ಕೆ ಬೇರೊಂದು ವಿಧಾನವುಂಟು. ಪಟದ ಚೌಕಟ್ಟಿನ ಶುಭ್ರವಾದ ಗಾಜೊಂದನ್ನು ನಾಣ್ಯಕ್ಕೂ ಫೋನಿಗೂ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ದೀಪ ಹಾಯಿಸಬೇಕು. ದೀಪದ ಬೆಳಕು ನಾಣ್ಯಕ್ಕೆ ನೇರವಾಗಿ ತಾಗದಂತೆ ರಟ್ಟನ್ನು ಮರೆಯಿಡಬೇಕು. ಪತನಕೋನವೂ ಪ್ರತಿಫಲನಕೋನವೂ ಸಮವೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಷ್ಟೆ. ಆ ನಿಯಮದಂತೆ ಬೆಳಕಿನ ಒಂದಂಶ ಗಾಜಿನಿಂದ ನೆಟ್ಟಗೆ ಕೆಳಗಿಳಿದು, ನಾಣ್ಯಕ್ಕೆ ತಾಗಿ, ಅದೇ ದಾರಿಯಲ್ಲಿ ಮೇಲೇರಿ, ಗಾಜನ್ನು ದಾಟಿ ಮಸೂರವನ್ನು ಸೇರುತ್ತದೆ. ನಾಣ್ಯದ ಸಮತಲವು ಬೆಳಗುತ್ತದೆ. ಅಕ್ಷರಗಳ ಇಳಿಜಾರು ಅಂಚುಗಳು ಬೆಳಕನ್ನು ಬೇರೆಡೆಗೆ ಚೆಲ್ಲಿ ಕಪ್ಪಾಗಿ ಕಾಣುತ್ತವೆ. ಕನ್ನಡಿಯ ತೊಂದರೆಯನ್ನು ಕನ್ನಡಿಯ ನಿಯಮದಿಂದಲೇ ಗೆಲ್ಲುವ ಉಪಾಯವಿದು.

ದೀಪವಿಲ್ಲದಿದ್ದರೆ ಕೊರಗಬೇಕಾಗಿಲ್ಲ. ಮಲೆನಾಡಿನ ಮಳೆಗಾಲದ ಬಾನು ಸ್ವತಃ ಒಂದು ದೊಡ್ಡ ಮೃದುದೀಪ. ಮೋಡ ಕವಿದ ದಿನ ಕಿಟಕಿಯ ಬಳಿ ಮೇಜನ್ನಿಟ್ಟರೆ ಓರೆಯಾದ, ಸೌಮ್ಯವಾದ ಬೆಳಕು ದೊರೆಯುತ್ತದೆ; ವಿದ್ಯುತ್ತು ಹೋದರೂ ಕೆಲಸ ನಿಲ್ಲದು. ಆದರೆ ಕಿಟಕಿಯ ಬೆಳಕನ್ನೂ ಹಳದಿ ದೀಪದ ಬೆಳಕನ್ನೂ ಬೆರೆಸಬಾರದು. ಒಂದು ನೀಲಿಗೂ ಇನ್ನೊಂದು ಹಳದಿಗೂ ಒಲೆದು, ಬೆಳ್ಳಿಯು ಹಿತ್ತಾಳೆಯಂತೆ ತೋರುವ ಪ್ರಮಾದವುಂಟು. ಮಳೆಗಾಲದಲ್ಲಿ ಮಸೂರದ ಮೇಲೆ ತೇವ ಕಟ್ಟುವುದರಿಂದ ಒಣ ಹತ್ತಿಯ ಬಟ್ಟೆಯಿಂದ ಅದನ್ನು ಮೊದಲು ಒರಸಿಕೊಳ್ಳಬೇಕು. ಅದೇ ತೇವ ತಾಮ್ರಕ್ಕೂ ಶತ್ರು. ಕೆಲಸ ಮುಗಿದೊಡನೆ ನಾಣ್ಯಗಳನ್ನು ಒಂದೊಂದಾಗಿ ಒಣ ಕಾಗದದ ಲಕೋಟೆಯಲ್ಲಿಟ್ಟು ಮುಚ್ಚಿದ ಡಬ್ಬಿಯಲ್ಲಿ ಕಾಪಾಡಬೇಕು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ಉಜ್ಜುವವರುಂಟು. ಪೂಜೆಯ ತಂಬಿಗೆಗೆ ಅದು ಸಲ್ಲುತ್ತದೆ. ಹಳೆಯ ನಾಣ್ಯಕ್ಕೆ ಸಲ್ಲದು. ಹುಣಿಸೆಯ ಆಮ್ಲವು ಕಾಲಾಂತರದಲ್ಲಿ ಕಟ್ಟಿದ ಕಂದುಪದರವನ್ನು ಕಿತ್ತೊಗೆಯುತ್ತದೆ. ಬೂದಿಯ ಕಣಗಳು ಗೀರುಗಳನ್ನು ಎಳೆಯುತ್ತವೆ. ನೂರಾರು ವರ್ಷ ಉಳಿದ ಅಕ್ಷರ ಅರ್ಧ ಗಳಿಗೆಯ ಶುಚಿತ್ವದಲ್ಲಿ ಅಳಿದುಹೋಗುತ್ತದೆ. ಬೆರಳಿನ ಬೆವರೂ ಕಲೆ ಮಾಡುವುದರಿಂದ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು.

ಚಿತ್ರದೊಡನೆ ವಿವರವೂ ಇರಬೇಕು. ಎರಡು ಮುಖಗಳನ್ನೂ ಅಳತೆಪಟ್ಟಿಯೊಡನೆ ತೆಗೆದು, ಲೋಹ, ತೂಕ, ವ್ಯಾಸ, ಬರಹ, ದೊರೆತ ಬಗೆ ಇವನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಹೊಯ್ಸಳರ ಗದ್ಯಾಣದ ತೂಕ ಸುಮಾರು ನಾಲ್ಕು ಗ್ರಾಂ, ಅದರ ಹತ್ತನೆಯ ಒಂದಂಶ ಹಣ ಎಂಬಂಥ ಲೆಕ್ಕಗಳು ತೂಕದಿಂದಲೇ ದೃಢಪಡುತ್ತವೆ. ಇಂದಿನ ಫೋನುಗಳು ಚಿತ್ರವನ್ನು ತಾವಾಗಿಯೇ ತಿದ್ದಿ ಅಂದಗೊಳಿಸುವುದುಂಟು. ಅಂಥ ಸೌಂದರ್ಯ ನಮಗೆ ಬೇಡ. ಇಲ್ಲದ ಗೆರೆಯನ್ನು ಮೂಡಿಸಿದ ಚಿತ್ರ ಸುಳ್ಳುಸಾಕ್ಷಿಗೆ ಸಮ. ಆದುದರಿಂದ ತಿದ್ದದ ಮೂಲ ಚಿತ್ರವನ್ನು ಯಾವಾಗಲೂ ಬೇರೆಯಾಗಿ ಉಳಿಸಬೇಕು.

ಸ್ಪಷ್ಟವಾದ ಚಿತ್ರವು ಮೋಸದಿಂದಲೂ ಕಾಪಾಡುತ್ತದೆ. ಒಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ವರ್ಷವೂ, ಇನ್ನೊಂದು ಮುಖದಲ್ಲಿ ರಾಮ ಸೀತೆಯರ ಚಿತ್ರವೂ ಇರುವ ಬಿಲ್ಲೆಗಳನ್ನು ತೋರಿಸಿ, ಇವು ಅಕ್ಕಿಯ ಕಾಳನ್ನು ಸೆಳೆಯುತ್ತವೆ, ಇವಕ್ಕೆ ಕೋಟಿಗಟ್ಟಲೆ ಬೆಲೆಯಿದೆ ಎಂದು ನಂಬಿಸಿ ಜನರ ಹಣವನ್ನು ದೋಚುವವರಿದ್ದಾರೆ. ಕಂಪನಿಯ ಟಂಕಸಾಲೆಗಳು ಇಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಇವು ಈಚಿನವರ ಕಲ್ಪನೆಯ ಸೃಷ್ಟಿ. ತಿಳಿದವರಿಗೆ ಒಂದು ಒಳ್ಳೆಯ ಚಿತ್ರವನ್ನು ತೋರಿಸಿ ಕೇಳಿದರೆ ಒಂದು ಸಂಸಾರ ಸಾಲದಲ್ಲಿ ಮುಳುಗುವುದು ತಪ್ಪೀತು. ಹಾಗೆಯೇ, ಮನೆಯ ನಾಣ್ಯಗಳ ಚಿತ್ರವನ್ನು ಸಿಕ್ಕಸಿಕ್ಕವರಿಗೆಲ್ಲ ಕಳುಹಿಸಿ ಕಳ್ಳರನ್ನು ಕರೆಯುವುದೂ ಜಾಣತನವಲ್ಲ.

ತೋಟದಲ್ಲಿ ಗುಂಡಿ ತೋಡುವಾಗ ನಾಣ್ಯಗಳ ಗಡಿಗೆಯೇ ದೊರೆತರೆ ಮಾಡತಕ್ಕುದೇನು? ಹೂತಿಟ್ಟ ನಿಧಿ ದೊರೆತಾಗ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಿಂದಲೂ ಇದೆ. ಅವು ಇದ್ದ ಸ್ಥಳದಲ್ಲಿ, ಇದ್ದ ಹಾಗೆಯೇ ಒಂದು ಚಿತ್ರ ತೆಗೆದು, ಮಣ್ಣನ್ನು ತೊಳೆಯದೆ, ಹಂಚಿಕೊಳ್ಳದೆ ಅಧಿಕಾರಿಗಳಿಗೆ ತಿಳಿಸುವುದೇ ಧರ್ಮ. ಯಾವ ನಾಣ್ಯ ಯಾವುದರ ಜೊತೆಯಲ್ಲಿತ್ತು, ಎಷ್ಟು ಆಳದಲ್ಲಿತ್ತು ಎಂಬುದು ಇತಿಹಾಸಕಾರನಿಗೆ ನಾಣ್ಯದಷ್ಟೇ ಅಮೂಲ್ಯವಾದ ಸಂಗತಿ.

ಬೆಳಕು ನಾಣ್ಯಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಅದರಲ್ಲಿ ಇರುವುದನ್ನು ತೋರಿಸುತ್ತದೆ, ಅಷ್ಟೆ. ಆದರೆ ಬೆಳಕನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾವು ಅರಿತಿರಬೇಕು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮಲಗಿರುವ ಒಂದು ಸವೆದ ಕಾಸನ್ನು ತಾಳ್ಮೆಯಿಂದ ಬೆಳಗಿ, ನಿಷ್ಠೆಯಿಂದ ಚಿತ್ರಿಸಿ, ಅದರ ವಿವರವನ್ನು ಬರೆದಿಟ್ಟ ವಿದ್ಯಾರ್ಥಿಯು ನಾಡಿನ ಇತಿಹಾಸಕ್ಕೆ ಒಂದು ಸಾಲನ್ನಾದರೂ ಉಳಿಸಿಕೊಟ್ಟಂತಾಗುತ್ತದೆ.